ಅತಿಥಿ ಸಂಪಾದಕಿಯಾಗಿ 14 ತಿಂಗಳು: ಐದರಲ್ಲಿ ಎರಡೂವರೆ ಸ್ಟಾರ್

ಹೊರದೇಶದ ಒಂದು ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ವೈದ್ಯಕೀಯ ಜರ್ನಲ್. ಹೆಸರು ಬೇಡ. ಅದರ ವಿಶೇಷ ಸಂಚಿಕೆಯೊಂದನ್ನು ನಾನು ಮತ್ತು ಮಣಿಪಾಲದ ನನ್ನ ಮೈಕ್ರೋಬಯಾಲಜಿ ಗೆಳತಿ ಸೇರಿ ಮಾಡಿದೆವು.

ನಮ್ಮನ್ನು ಯಾರೂ ಕರೆದಿರಲಿಲ್ಲ, ನಾವೇ ಹೋಗಿ ಬಿದ್ದದ್ದು. ಜುಲೈಯಲ್ಲಿ ಮಂಗಳೂರಿನ ಮೆಡಿಸಿನ್ ವಾರ್ಡಿಗೆ ಒಮ್ಮೆ ಬಂದು ನೋಡಿ: ಒಂದು ಹಾಸಿಗೆಯಲ್ಲಿ ಮಲೇರಿಯಾ, ಪಕ್ಕದ್ದರಲ್ಲಿ ಡೆಂಗಿ, ಅದರಾಚೆ ಗದ್ದೆ ಕೆಲಸದಿಂದ ನೇರ ಬಂದ ಇಲಿಜ್ವರ, ಕಣ್ಣು ಕೆಂಡ, ಮೀನಖಂಡ ಮುಟ್ಟಿದರೆ ಕಿರುಚಾಟ. ಮೊದಲ ಎರಡು ಮೂರು ದಿನ ಯಾವುದು ಯಾವುದೆಂದು ಹೇಳುವುದೇ ಕಷ್ಟ. ಇಷ್ಟು ನೋಡಿದ ಇಲ್ಲಿನ ಡಾಕ್ಟರುಗಳು ಒಂದು ಸಾಲೂ ಬರೆಯುವುದಿಲ್ಲ ಎಂಬ ಸಿಟ್ಟಿಗೆ ಮಳೆಗಾಲದ ಜ್ವರಗಳ ಸಂಚಿಕೆ ಹೊಳೆಯಿತು.

ಪ್ರಸ್ತಾವದ ಫಾರ್ಮ್ ಚೆನ್ನಾಗಿದೆ. ವಿಷಯದ ಎಲ್ಲೆ ಎಲ್ಲಿ, ಯಾವುದು ಬೇಡ, ಈಗಲೇ ಯಾಕೆ, ಯಾರೆಲ್ಲ ಬರೆಯಬಹುದು ಎಂದು ಕೇಳುತ್ತದೆ. ‘ಯಾವುದು ಬೇಡ’ ಎಂಬ ಕಾಲಮ್ಮಿಗೇ ನಾವು ಎರಡು ಸಂಜೆ ಕಳೆದೆವು. ಆರೇ ದಿನದಲ್ಲಿ ಒಪ್ಪಿಗೆ ಬಂತು. ಜಾತಕ ಕೇಳದೆ ಒಪ್ಪಿದ ಸಂಬಂಧ, ಆಗಲೇ ಸಂಶಯ ಬರಬೇಕಿತ್ತು ಮಾರಾಯ್ರೆ. ಅಚ್ಚಾದ ಪ್ರತಿ ಲೇಖನಕ್ಕೂ ಲೇಖಕರಿಂದ ಶುಲ್ಕ ಬರುವಾಗ ಸಂಚಿಕೆ ಜಾಸ್ತಿಯಾದಷ್ಟೂ ಅವರಿಗೆ ಲಾಭ. ಈ ದಾರಿ ಎಲ್ಲಿಗೆ ಹೋಗುತ್ತದೆಂದು 2023ರಲ್ಲಿ ಎಲ್ಲರೂ ನೋಡಿದ್ದೇವೆ. ಆ ಒಂದೇ ವರ್ಷ ಹಿಂದಾವಿ ಪ್ರಕಾಶನದ 8,000ಕ್ಕೂ ಹೆಚ್ಚು ಲೇಖನಗಳನ್ನು ಅಚ್ಚಾದ ಮೇಲೆ ನಂಬುವಂತಿಲ್ಲವೆಂದು ಹಿಂತೆಗೆದುಕೊಳ್ಳಬೇಕಾಯಿತು, ಬಹುಪಾಲು ವಿಶೇಷ ಸಂಚಿಕೆಗಳವು. ಮಾಲೀಕ ಸಂಸ್ಥೆ ವೈಲಿ ಕೊನೆಗೆ ಆ ಹೆಸರನ್ನೇ ಕೈಬಿಟ್ಟಿತು.

ಸಂಪಾದಕರ ನಿಜವಾದ ಕೆಲಸ ಓದುವುದಲ್ಲ, ವಿಮರ್ಶಕರನ್ನು, ಅಂದರೆ ಲೇಖನ ಅಚ್ಚಿಗೆ ಯೋಗ್ಯವೇ ಎಂದು ಪರೀಕ್ಷಿಸುವ ಹೊರಗಿನ ತಜ್ಞರನ್ನು ಹುಡುಕುವುದು. ಒಂದು ಲೇಖನಕ್ಕೆ 19 ಜನರನ್ನು ಕೇಳಿ ಇಬ್ಬರನ್ನು ಪಡೆದೆ. ಅವರಿಗೂ ಸಂಬಳವಿಲ್ಲ, ನಮಗೂ ಇಲ್ಲ. ಕೇಳಿದವರಿಗೆ ಏಳು ದಿನದ ಗಡುವು, ಐದನೇ ದಿನದಿಂದಲೇ ಕಂಪ್ಯೂಟರಿನ ಜ್ಞಾಪನೆ. ನಿವೃತ್ತ ಪ್ರೊಫೆಸರೊಬ್ಬರು ಫೋನ್ ಮಾಡಿ, “ನಿನ್ನ ಮೋರೆ ನೋಡಿ ಒಪ್ಪಿದ್ದು ಮಗಾ, ಆ ಮೇಲ್ ಒಂದು ನಿಲ್ಲಿಸು” ಎಂದರು.

ಹಾಗೆಂದು ಒಳ್ಳೆಯ ವಿಮರ್ಶೆ ಬಂದಾಗ ಸಿಗುವ ಖುಷಿ ಬೇರೆಯೇ. ಘಟ್ಟದ ಬುಡದ ಒಂದು ಆಸ್ಪತ್ರೆಯಿಂದ ಇಲಿಜ್ವರದ ಲೇಖನ ಬಂದಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಎಲ್ಲ ರೋಗಿಗಳನ್ನೂ ಒಂದೇ ಐಜಿಎಂ ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ) ಮೇಲೆ ‘ಖಚಿತ’ ಎಂದು ಬರೆದಿದ್ದರು. ವಿಮರ್ಶಕರು ಮೂರು ಪುಟ ಬರೆದರು: ಒಂದು ಸಲದ ರಕ್ತ ಸಾಲದು, ಜ್ವರದ ಶುರುವಿನದೂ ಚೇತರಿಕೆಯ ಹೊತ್ತಿನದೂ ಸೀರಮ್ ಎರಡನ್ನೂ ಮ್ಯಾಟ್ ಎಂಬ ಇನ್ನೊಂದು ಪ್ರತಿಕಾಯ ಪರೀಕ್ಷೆ ಮಾಡಿ, ಟೈಟರ್ (ಪ್ರತಿಕಾಯದ ಮಟ್ಟ) ನಾಲ್ಕು ಪಟ್ಟು ಏರಿದವರನ್ನು ಮಾತ್ರ ಖಚಿತ ಎನ್ನಿ, ಉಳಿದವರು ‘ಸಂಭವನೀಯ’. ಲೇಖಕರು ಫ್ರೀಜರಿನಿಂದ ಹಳೇ ಸೀರಮ್ ತೆಗೆದು ಪರೀಕ್ಷೆ ಮಾಡಿಸಿದರು. ಖಚಿತ ರೋಗಿಗಳು ಅರ್ಧಕ್ಕೆ ಇಳಿದರು, ಲೇಖನದ ತೂಕ ಎರಡು ಪಟ್ಟಾಯಿತು. ಅವರಿಗೆ ಶುಲ್ಕ ಪೂರ್ತಿ ಮಾಫಿ ಮಾಡಿಸಿಕೊಟ್ಟದ್ದು ಜರ್ನಲ್ ಕಚೇರಿಯೇ, ಅರ್ಧ ಸ್ಟಾರ್ ಅದಕ್ಕೆ.

ಇನ್ನರ್ಧ ಸ್ಟಾರ್ ನಮ್ಮ ವಿಭಾಗದ ಲೇಖನವನ್ನು ನಡೆಸಿದ ರೀತಿಗೆ. ಅದು ಬಂದ ಕೂಡಲೇ ಬೇರೆ ಸಂಪಾದಕರ ಕೈಗೆ ಹೋಯಿತು, ವಿಮರ್ಶಕರು ಯಾರೆಂದು ನನ್ನ ಸ್ಕ್ರೀನಿಗೆ ಬರಲೇ ಇಲ್ಲ. ಅತಿಥಿ ಸಂಪಾದಕರ ಸ್ವಂತ ಲೇಖನಗಳು ಸಂಚಿಕೆಯ ಶೇ. 25 ಮೀರಬಾರದು ಎಂಬ ಡಿಒಎಜೆ (ಓಪನ್ ಆಕ್ಸೆಸ್ ಜರ್ನಲ್‌ಗಳ ಅಂತಾರಾಷ್ಟ್ರೀಯ ಪಟ್ಟಿ) ನಿಯಮವನ್ನೂ ಪಾಲಿಸಿದರು.

ಈಗ ಗೋಳು. ಒಂದು ಭಾನುವಾರ ಉಡುಪಿ ರಥಬೀದಿಯ ಮಿತ್ರ ಸಮಾಜದಲ್ಲಿ ಬನ್ಸ್ ತಿನ್ನುತ್ತಾ ಗೆಳತಿ ಎರಡು ಪ್ರಿಂಟ್‌ಔಟ್ ಅಕ್ಕಪಕ್ಕ ಇಟ್ಟಳು. ಒಂದೇ ಲೇಖನದ ಎರಡು ವಿಮರ್ಶೆ, ಬರೆದವರು ಬೇರೆ ಬೇರೆ ದೇಶದವರು. ನಾಲ್ಕನೇ ಸಾಲಿನಲ್ಲಿ ಎರಡರಲ್ಲೂ ಒಂದೇ ಸ್ಪೆಲ್ಲಿಂಗ್ ತಪ್ಪು. ಕೊನೆಗೆ ‘ಇವನ್ನೂ ಉಲ್ಲೇಖಿಸಿ’ ಎಂದು ಅದೇ ಮೂರು ಲೇಖನ. ಇಬ್ಬರನ್ನೂ ಸೂಚಿಸಿದ್ದು ಜರ್ನಲ್‌ನ ಸಾಫ್ಟ್‌ವೇರ್. ಗೆಳತಿಯ ಬೆರಳಿನ ಎಣ್ಣೆ ಆ ಸಾಲಿನ ಮೇಲೆ ಹಾಗೇ ಉಳಿದಿದೆ, ಹಾಳೆ ಇಟ್ಟುಕೊಂಡಿದ್ದೇನೆ.

ಕಚೇರಿಗೆ ಬರೆದೆವು. ಉತ್ತರ: ‘ಧನ್ಯವಾದ, ನಿಮ್ಮ ನಿರ್ಧಾರ ಬೇಗ ತಿಳಿಸಿ.’ ತಿರಸ್ಕರಿಸಿದೆವು. ಎರಡು ವಾರಕ್ಕೆ ಅದೇ ಲೇಖನ ತಲೆಬರಹ ಬದಲಿಸಿಕೊಂಡು ‘ಹೊಸತು’ ಎಂದು ಬಂತು. ಇನ್ನೊಂದಕ್ಕೆ ಬೇಡ ಎಂದಾಗ, ‘ದೊಡ್ಡ ತಿದ್ದುಪಡಿ ಎಂದು ಮಾಡಬಹುದೇ?’ ಎಂದು ಸಹಾಯಕರ ವಿನಯದ ಮೇಲ್. ವಿನಯಕ್ಕೇನೂ ಕೊರತೆಯಿಲ್ಲ. ಆದರೆ 14 ತಿಂಗಳಲ್ಲಿ ಮುಖ್ಯ ಸಂಪಾದಕರ ಒಂದೇ ಒಂದು ಸಾಲು ನಮಗೆ ಬರಲಿಲ್ಲ.

ಬಂದದ್ದು 31 ಲೇಖನ, ತೆಗೆದುಕೊಂಡದ್ದು ಒಂಬತ್ತು. ಗಡುವು ಮುಂದೂಡಿ, ಇನ್ನಷ್ಟು ಸೇರಿಸಿ ಎಂದರು, ನಾವು ಬಾಗಿಲು ಹಾಕಿದೆವು. ಕೈಗೆ ಸಿಕ್ಕಿದ್ದು ಒಂದು ಪಿಡಿಎಫ್ ಸರ್ಟಿಫಿಕೇಟ್, ನನ್ನ ಹೆಸರಿನಲ್ಲಿ ಒಂದಕ್ಷರ ತಪ್ಪು.

ನೀವು ಪ್ರಸ್ತಾವ ಹಾಕುವುದಾದರೆ, ಬೇಡ ಎಂದದ್ದನ್ನು ಕಚೇರಿ ಮತ್ತೆ ತೆರೆಯಬಹುದೇ ಎಂದು ಮೊದಲೇ ಬರಹದಲ್ಲಿ ಕೇಳಿ. ಮೊನ್ನೆ ನಮಗೆ ‘ಎರಡನೇ ಸಂಪುಟ ಮಾಡುತ್ತೀರಾ?’ ಎಂದು ಮೇಲ್ ಬಂದಾಗ ನಾನು ಅದನ್ನೇ ಕೇಳಿದೆ. ಅದುವರೆಗೆ ಎರಡು ಗಂಟೆಯೊಳಗೆ ಉತ್ತರಿಸುತ್ತಿದ್ದವರು, ಈಗ ಹನ್ನೊಂದು ದಿನವಾಯಿತು.