ನೇಟಿವ್ ಲ್ಯಾಂಡ್ ನಕ್ಷೆ: ಟೊರಾಂಟೊ ಕಡೆ ಇರುವವರು ಬಳಸಿ, ಆದರೆ ಬಣ್ಣ ನೋಡಿ ಮುಚ್ಚಿಬಿಡಬೇಡಿ

ಟೊರಾಂಟೊ, ಮಿಸಿಸಾಗಾ ಸುತ್ತಮುತ್ತ ಮನೆ ಮಾಡಿಕೊಂಡಿರುವ ಕನ್ನಡದವರಿಗೆ ಈ ಆನ್‌ಲೈನ್ ನಕ್ಷೆಯನ್ನು ಧೈರ್ಯವಾಗಿ ಹೇಳುತ್ತೇನೆ, ಬಳಸಿ ನೋಡಿ. ಲಾಭಕ್ಕಾಗಿ ನಡೆಸದ ಕೆನಡಾದ ಸಂಸ್ಥೆಯೊಂದರದ್ದು, ದುಡ್ಡು ಕೊಡಬೇಕಿಲ್ಲ, ಫೋನಿಗೆ ಆ್ಯಪ್ ಕೂಡ ಇದೆ. ವಿಳಾಸ ಟೈಪ್ ಮಾಡಿದರೆ ಆ ನೆಲ ಯಾವ ಮೂಲನಿವಾಸಿಗಳದ್ದು, ಅವರ ಭಾಷೆ ಯಾವುದು, ಯಾವ ಒಪ್ಪಂದಕ್ಕೆ ಆ ಜಾಗ ಸೇರುತ್ತದೆ ಅನ್ನೋದು ಒಂದರ ಮೇಲೊಂದು ಬಣ್ಣವಾಗಿ ಕಾಣುತ್ತದೆ. ಟೊರಾಂಟೊದ ಸರ್ಕಾರಿ ಶಾಲೆಗಳಲ್ಲಿ ಬೆಳಿಗ್ಗೆ ಈ ನೆಲ ಯಾರದ್ದು ಅಂತ ಓದಿ ಹೇಳುತ್ತಾರಲ್ವಾ, ಅದನ್ನು ಕೇಳಿ ಮಕ್ಕಳು ಮನೆಗೆ ಬಂದು ಪ್ರಶ್ನೆ ಕೇಳಿದಾಗ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ನನ್ನ ತಕರಾರು ಒಂದೇ. ಟೊರಾಂಟೊ ಪರ್ಚೇಸ್, ಅಂದರೆ ಟೊರಾಂಟೊ ನೆಲವನ್ನು ಬ್ರಿಟಿಷರು ಮೂಲನಿವಾಸಿಗಳಿಂದ ಕೊಂಡ 13ನೇ ಒಪ್ಪಂದ, ನಕ್ಷೆಯಲ್ಲಿ ಅಚ್ಚುಕಟ್ಟಾದ ಒಂದು ಬಣ್ಣದ ತುಂಡು. ವ್ಯವಹಾರ ಅಷ್ಟು ಅಚ್ಚುಕಟ್ಟಾಗಿ ನಡೆದಿರಲಿಲ್ಲ.

1787ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಮೂಲನಿವಾಸಿಗಳಾದ ಓಜಿಬ್ವಾ ಜನರ ಒಂದು ಕವಲಾದ ಮಿಸಿಸಾಗಾ ಜನರ ಮುಖಂಡರನ್ನು ಒಂಟಾರಿಯೊ ಸರೋವರದ ಬೇ ಆಫ್ ಕ್ವಿಂಟೆ ಕೊಲ್ಲಿಯಲ್ಲಿ ಕಂಡು ಜಮೀನಿನ ಮಾತಾಡಿದರು. 2,000 ಬಂದೂಕಿನ ಕಿಡಿಕಲ್ಲು, 24 ಹಿತ್ತಾಳೆ ಪಾತ್ರೆ, 120 ಕನ್ನಡಿ, 96 ಗ್ಯಾಲನ್ ರಮ್, ಇಂಥವನ್ನೆಲ್ಲ ಕೊಟ್ಟರು. ಆದರೆ ಆಮೇಲೆ ಸಿಕ್ಕ ಕ್ರಯಪತ್ರದಲ್ಲಿ ಎಷ್ಟು ಜಮೀನು, ಎಲ್ಲಿಂದ ಎಲ್ಲಿಗೆ ಅನ್ನೋದೇ ಇರಲಿಲ್ಲ! ಹಾಳೆ ಖಾಲಿ. ಮೂವರು ಮುಖಂಡರ ಗುರುತುಗಳು ಬೇರೆ ಚೀಟಿಗಳಲ್ಲಿದ್ದವು, ಅವನ್ನು ತಂದು ಅಂಟಿಸಿದ್ದರು. ಚೆಕ್ಕುಬಂದಿಯೇ ಇಲ್ಲದ ಕ್ರಯಪತ್ರವನ್ನು ನಮ್ಮೂರಿನ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಯಾರಾದರೂ ಮುಟ್ಟುತ್ತಾರಾ? ಅದು ನಿಲ್ಲುವುದಿಲ್ಲ ಅಂತ 1794ರಲ್ಲೇ ಗವರ್ನರ್ ಲಾರ್ಡ್ ಡಾರ್ಚೆಸ್ಟರ್‌ಗೆ ಗೊತ್ತಿತ್ತು. ಅಷ್ಟರಲ್ಲಿ ಆ ನೆಲದ ಮೇಲೆ ಯಾರ್ಕ್ ಪಟ್ಟಣ, ಅಂದರೆ ಇಂದಿನ ಟೊರಾಂಟೊ, ಎದ್ದಾಗಿತ್ತು.

1805ರಲ್ಲಿ ಮತ್ತೆ ಸಹಿ ಹಾಕಿಸಿದರು. ಹಳೆಯ ಪತ್ರದ ಗತಿ ಏನಾಗಿತ್ತು ಅಂತ ಮಿಸಿಸಾಗಾ ಜನರಿಗೆ ಹೇಳಲೇ ಇಲ್ಲ. ಮೊದಲ ಸಲ ಮಾತಾಡಿದ್ದ ಮುಖಂಡರು ಅಷ್ಟೊತ್ತಿಗೆ ತೀರಿಕೊಂಡಿದ್ದರು, ಹಿರಿಯರು ಏನು ಒಪ್ಪಿದ್ದರೆಂದು ಕೇಳಲು ಯಾರೂ ಉಳಿದಿರಲಿಲ್ಲ. 2,50,880 ಎಕರೆ, ಪತ್ರದಲ್ಲಿ ಬರೆದ ಬೆಲೆ 10 ಶಿಲಿಂಗ್. ಓದಿದಾಗ ನನಗೆ ಸಿಟ್ಟೇ ಬಂತು, ಈಗಲೂ ಬರುತ್ತದೆ. ಮಿಸಿಸಾಗಾ ಜನರು 1986ರಲ್ಲಿ ಹಕ್ಕು ಕೇಳಿ ಅರ್ಜಿ ಹಾಕಿದರು, 2010ರಲ್ಲಿ ಇದಕ್ಕೂ ಬ್ರ್ಯಾಂಟ್ ಟ್ರ್ಯಾಕ್ಟ್ ಅನ್ನೋ ಇನ್ನೊಂದು ಜಮೀನಿಗೂ ಸೇರಿ 14.5 ಕೋಟಿ ಕೆನಡಾ ಡಾಲರ್‌ಗೆ ಇತ್ಯರ್ಥವಾಯಿತು.

ಇದಿಷ್ಟೂ ಬಣ್ಣ ನೋಡಿದರೆ ತಿಳಿಯುವುದಿಲ್ಲ. ಗೆರೆಗಳನ್ನು ಕಾನೂನಿನ ಗಡಿ ಅಂತ ತಿಳಿಯಬೇಡಿ ಎಂದು ನಕ್ಷೆಯವರೇ ಬರೆದಿದ್ದಾರೆ, ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಒಪ್ಪಂದದ ಹೆಸರು ಒತ್ತಿ, ಅಲ್ಲಿನ ಕೊಂಡಿಗಳನ್ನು ಓದಿ. ಆಮೇಲೆ ಇದೇ ಮಿಸಿಸಾಗಾ ಜನರ, ಅಂದರೆ ಮಿಸಿಸಾಗಾಸ್ ಆಫ್ ದ ಕ್ರೆಡಿಟ್ ಸಮುದಾಯದ ಸ್ವಂತ ವೆಬ್‌ಸೈಟಿಗೆ ಹೋಗಿ, ತಮ್ಮ ಒಪ್ಪಂದಗಳ ಕಥೆಯನ್ನು ಅವರೇ ಬರೆದಿದ್ದಾರೆ. ಫೋನಿಗಿಂತ ಲ್ಯಾಪ್‌ಟಾಪ್‌ನಲ್ಲಿ ನೋಡುವುದು ವಾಸಿ, ಚಿಕ್ಕ ತೆರೆಯಲ್ಲಿ ಬಣ್ಣಗಳು ಒಂದರೊಳಗೊಂದು ಸೇರಿ ಗಲಿಬಿಲಿಯಾಗುತ್ತದೆ. ಐದಕ್ಕೆ ನಾಲ್ಕು ಸ್ಟಾರ್.