ಬ್ರಾವೆಕ್ಟೊ ಮಾತ್ರೆ: ನಮ್ಮ ನಾಯಿಯ ತುರಿಕೆಯ ಅರ್ಧ ಗುಟ್ಟು ಬಿಡಿಸಿತು

ಚಿಗಟ ಮತ್ತು ಉಣುಗಿಗೆಂದು ನಾಯಿಗಳಿಗೆ ಕೊಡುವ ಈ ಮಾತ್ರೆಯನ್ನು ನಮ್ಮ ಬಂಗಾರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಕೊಡುತ್ತಿದ್ದೇನೆ. ಅವಳು ಲ್ಯಾಬ್ರಡಾರ್, 20ರಿಂದ 40 ಕೆಜಿ ತೂಕದ ನಾಯಿಗಳ ಪೊಟ್ಟಣ ಅವಳಿಗೆ. ನಮ್ಮದು ಸಾಗರದ ಕಡೆಯ ತೋಟದ ಮನೆ. ಕೊಟ್ಟಿಗೆ ಇದೆ, ಸೊಪ್ಪಿನ ಬೆಟ್ಟ ಇದೆ, ಯಾರೂ ಸಾಕದಿದ್ದರೂ ತಾವಾಗಿಯೇ ಸಾಕಿಸಿಕೊಳ್ಳುವ ಬೆಕ್ಕುಗಳಿವೆ. ಇಂಥ ಕಡೆ ನಾಯಿ ಕೆರೆದುಕೊಂಡರೆ ಯಾರೂ ತಿರುಗಿ ನೋಡುವುದಿಲ್ಲ. ಬಂಗಾರಿಯ ಬಾಲದ ಬುಡದಲ್ಲಿ ಕೂದಲು ಉದುರಿ ಕೆಂಪು ಚರ್ಮ ಕಂಡ ಮೇಲೆ ಮಾತ್ರ ಸಲಹೆಗಳ ಮಳೆ ಶುರುವಾಯಿತು. ಕೋಳಿ ಉಷ್ಣ, ನಿಲ್ಲಿಸಿ ಎಂದವರು ಕೆಲವರು. ಬೇವಿನೆಣ್ಣೆ ಹಚ್ಚಿ ಎಂದವರು ಹಲವರು.

ಮೊದಲು ಹೋದ ಚಿಕಿತ್ಸಾಲಯದಲ್ಲಿ ಪ್ರತಿ ಸಲವೂ ಒಂದೇ ಸ್ಟೀರಾಯ್ಡ್ ಸೂಜಿ. ಮರುದಿನವೇ ತುರಿಕೆ ಮಾಯ, ಕೆಲವು ವಾರದಲ್ಲಿ ಮತ್ತೆ ಹಾಜರು. ಆ ದಿನಗಳಲ್ಲಿ ಅವಳು ನೀರು ಕುಡಿಯುತ್ತಿದ್ದ ಪರಿ ನೋಡಿದರೆ ಭಯವಾಗುತ್ತಿತ್ತು. ನಡುರಾತ್ರಿ ಎದ್ದು ಹೊರಗೆ ಬಿಡುವ ಕೆಲಸ ನನ್ನ ಪಾಲಿಗೆ. ತುರಿಕೆ ಏಕೆ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲೇ ಇಲ್ಲ. ಆಮೇಲೆ ಯಾವ ಊಟದ ಅಲರ್ಜಿ ಎಂದು ತಿಳಿಯಲು ಒಂದು ಪ್ರಯೋಗಾಲಯದ ರಕ್ತಪರೀಕ್ಷೆಯನ್ನೂ ಮಾಡಿಸಿದೆವು. ಕೋಳಿ, ಅಕ್ಕಿ, ಮೊಟ್ಟೆ ಎಂದು ಉದ್ದನೆಯ ಪಟ್ಟಿ ಬಂತು.

ಬೇರೆ ಪಶುವೈದ್ಯೆಯೊಬ್ಬರು ಆ ಪಟ್ಟಿಯನ್ನು ಪಕ್ಕಕ್ಕಿಟ್ಟು ಹೇನಿನ ಬಾಚಣಿಗೆ ಕೈಗೆತ್ತಿಕೊಂಡರು. ಬಾಲದ ಬುಡವನ್ನು ಬಾಚಿ, ಉದುರಿದ್ದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಕೊಡವಿದರು. ಎಳ್ಳಿಗಿಂತ ಸಣ್ಣ ಕಪ್ಪು ಕಣಗಳು. ನೋಡುತ್ತಿದ್ದಂತೆಯೇ ಅವುಗಳ ಸುತ್ತ ಕೆಂಗಂದು ಬಣ್ಣ ಹರಡಿತು. ಮಣ್ಣಾಗಿದ್ದರೆ ಹೀಗೆ ಕೆಂಪು ಬಿಡುವುದಿಲ್ಲ. ಇದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ಬಂಗಾರಿಯದೇ ರಕ್ತ. ಒಂದು ಚಿಗಟವೂ ಕಣ್ಣಿಗೆ ಬಿದ್ದಿರಲಿಲ್ಲ ಎಂಬುದು ಬೇರೆ ಮಾತು. ಕಜ್ಜಿ ಇರಬಹುದೇ ಎಂದು ಕಿವಿಯ ಅಂಚನ್ನು ಉಜ್ಜಿ ಹಿಂಗಾಲು ತಾನಾಗಿ ಕೆರೆಯಲು ಹೊರಡುತ್ತದೆಯೇ ಎಂದೂ ನೋಡಿದರು, ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿಯೂ ನೋಡಿದರು. ಕಜ್ಜಿಯ ಹುಳು ಸಿಗಲಿಲ್ಲ. ಆಗ ಬರೆದುಕೊಟ್ಟದ್ದು ಬ್ರಾವೆಕ್ಟೊ.

ಇದರಲ್ಲಿರುವ ಔಷಧ ಫ್ಲೂರಲೇನರ್. ಒಂದು ಮಾತ್ರೆ ಚಿಗಟದ ಮೇಲೆ 12 ವಾರ ಕೆಲಸ ಮಾಡುತ್ತದೆ. ಊಟದ ಜೊತೆ ಕೊಡಬೇಕು. ಬಂಗಾರಿಗೆ ಒತ್ತಾಯ ಬೇಕಿಲ್ಲ, ಅವಳು ಚಪ್ಪಲಿಯನ್ನೂ ಬಿಡುವವಳಲ್ಲ. ಫಲ ಕಾಣಲು ಮಾತ್ರ ತಾಳ್ಮೆ ಬೇಕು. ನಾಯಿಯ ಮೈಮೇಲಿರುವ ಚಿಗಟಗಳು ಒಟ್ಟು ಸಂಸಾರದಲ್ಲಿ ಶೇ. 5ರಷ್ಟು ಮಾತ್ರ, ಉಳಿದವು ಮೊಟ್ಟೆ, ಮರಿಹುಳು, ಕೋಶಗಳಾಗಿ ಜಗಲಿಯ ಸಂದಿಯಲ್ಲಿ, ಗೋಣಿತಾಟಿನಲ್ಲಿ ಕೂತಿರುತ್ತವೆ. ಗೋಣಿಗಳನ್ನು ಸುಟ್ಟು, ಹಾಸಿಗೆಯನ್ನು ಕುದಿಯುವ ನೀರಿನಲ್ಲಿ ಅದ್ದಿ, ಬೆಕ್ಕುಗಳಿಗೆ ಅವುಗಳದೇ ಔಷಧ ಹಾಕಿಸಿದ ಮೇಲೆಯೇ ಹತೋಟಿಗೆ ಬಂದದ್ದು. ಬೆಕ್ಕಿರುವವರು ಗಮನಿಸಿ: ನಾಯಿಗೆ ಹಚ್ಚುವ ಪರ್ಮೆತ್ರಿನ್ ಔಷಧಿ ಬೆಕ್ಕಿಗೆ ವಿಷ.

ಬಾಲದ ಬುಡದಲ್ಲಿ ಕೂದಲು ಬಂತು. ಆದರೆ ಮುಂಗಾಲು ನೆಕ್ಕುವುದು ನಿಲ್ಲಲಿಲ್ಲ. ಬೆರಳ ಸಂದಿನ ಕೂದಲು ಜೊಲ್ಲಿನಿಂದ ಕಂದಾಗಿಯೇ ಉಳಿಯಿತು. ಇಲ್ಲಿಯೇ ಈ ಮಾತ್ರೆಯ ನಿಜವಾದ ಬೆಲೆ ನನಗೆ ತಿಳಿದದ್ದು. ಚಿಗಟದ ಲೆಕ್ಕ ಚುಕ್ತಾ ಆದ ಮೇಲೂ ತುರಿಕೆ ಉಳಿದರೆ ಅದಕ್ಕೆ ಬೇರೆ ಕಾರಣವಿದೆ ಎಂದೇ ಅರ್ಥ. ಮುಂದಿನ ಸರದಿ ಊಟದ್ದು. ಎಂದೂ ತಿನ್ನದ ಹಂದಿಮಾಂಸ ಮತ್ತು ಗೆಣಸು ಮಾತ್ರ, 8 ವಾರ. ಹಂದಿಯನ್ನು ಹಿತ್ತಲಿನ ಒಲೆಯಲ್ಲಿ ಬೇಯಿಸುವ ಒಪ್ಪಂದವಾಯಿತು. ಅದಕ್ಕಿಂತ ಕಷ್ಟವಾದದ್ದು ಅತ್ತೆಯವರ ಕೈಯಿಂದ ಜಾರುವ ದೋಸೆಯ ಚೂರುಗಳನ್ನು ತಡೆಯುವುದು. ನೆಕ್ಕುವುದು ಒಂದಿಷ್ಟೂ ತಗ್ಗಲಿಲ್ಲ. ಮತ್ತೆ ಕೋಳಿ, ಅನ್ನ ಕೊಟ್ಟಾಗ ಹೆಚ್ಚಾಗಲೂ ಇಲ್ಲ. ದುಡ್ಡು ಕೊಟ್ಟು ತಂದ ರಕ್ತಪರೀಕ್ಷೆಯ ಪಟ್ಟಿ ಅಲ್ಲಿಗೆ ಕಸದ ಬುಟ್ಟಿ ಸೇರಿತು. ಊಟದ ಅಲರ್ಜಿಯನ್ನು ಹಿಡಿಯಲು ರಕ್ತಪರೀಕ್ಷೆ ನಂಬಲರ್ಹವಲ್ಲ, ಈ ಪಥ್ಯವೇ ದಾರಿ ಎಂದು ವೈದ್ಯೆ ಮೊದಲೇ ಹೇಳಿದ್ದರು.

ಉಳಿದದ್ದು ಅಟೋಪಿ, ಅಂದರೆ ದೂಳಿನ ನುಸಿ, ಪರಾಗ, ಬೂಷ್ಟಿನಂಥವುಗಳ ಅಲರ್ಜಿ. ಅವಳಿಗೆ ಮಳೆಗಾಲದಲ್ಲಿ ಜೋರು. ಕಿವಿಯಲ್ಲಿ ಯೀಸ್ಟ್ ಸೇರಿ ಹುಳಿ ವಾಸನೆಯೂ ಬರುತ್ತದೆ. ಆ ತಿಂಗಳುಗಳಲ್ಲಿ ವೈದ್ಯೆ ಹೇಳಿದಂತೆ ತುರಿಕೆ ತಗ್ಗಿಸುವ ಓಕ್ಲಾಸಿಟಿನಿಬ್ ಮಾತ್ರೆ, ಹೊರಗೆ ಹೋಗಿ ಬಂದಾಗಲೆಲ್ಲ ಪಾದ ತೊಳೆದು ಒರೆಸುವುದು. ಇದು ವಾಸಿಯಾಗುವ ಕಾಯಿಲೆಯಲ್ಲ, ಹದ್ದುಬಸ್ತಿನಲ್ಲಿ ಇಡುವಂಥದ್ದು.

ಬ್ರಾವೆಕ್ಟೊ ಬಗ್ಗೆ ಇನ್ನೆರಡು ಮಾತು. ಇದು ಉಣುಗು ಹತ್ತುವುದನ್ನು ತಡೆಯುವುದಿಲ್ಲ. ಕಚ್ಚಿದ ಮೇಲೆಯೇ ಸಾಯುತ್ತದೆ. ತೋಟ ಸುತ್ತಿ ಬಂದ ಸಂಜೆ ಕಿವಿಯ ಹಿಂದೆ, ಬೆರಳ ಸಂದಿನಲ್ಲಿ ತಡಕುವುದು ತಪ್ಪುವುದಿಲ್ಲ. ಫ್ಲೂರಲೇನರ್ ಸೇರಿದ ಗುಂಪಿನ ಔಷಧಗಳಿಂದ ಕೆಲವು ನಾಯಿಗಳಿಗೆ ನಡುಕ, ಫಿಟ್ಸ್ ಬರಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಬಂಗಾರಿಗೆ ಏನೂ ಆಗಿಲ್ಲ, ಆದರೆ ಫಿಟ್ಸ್ ಬಂದಿದ್ದ ನಾಯಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಬೆಲೆ ಕಡಿಮೆಯೇನಲ್ಲ. ಆದರೂ ವಾರವಾರ ಪುಡಿ ಉದುರಿಸಿ, ಅದನ್ನು ಅವಳು ನೆಕ್ಕದಂತೆ ಕಾಯುತ್ತಿದ್ದ ಕಾಲಕ್ಕೆ ನಾನು ಮರಳುವುದಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.