ಬಸವನಗುಡಿಯ ಕಿವಿ ಮೆಷಿನ್ ಕ್ಲಿನಿಕ್: ನಾಲ್ಕು ಸ್ಟಾರ್, ಮೆಟ್ಟಿಲಿಗೆ ಒಂದು ಕಟ್

ಅಪ್ಪನಿಗೆ 81. ತುಮಕೂರು ಕಡೆ ಹೈಸ್ಕೂಲಿನಲ್ಲಿ 34 ವರ್ಷ ಗಣಿತ ಹೇಳಿಕೊಟ್ಟವರು, ಈಗ ಹನುಮಂತನಗರದಲ್ಲಿ ನಮ್ಮ ಜೊತೆ ಇದ್ದಾರೆ. ಎರಡು ವರ್ಷದಿಂದ ನಮ್ಮನೆ ವಾರ್ತೆ ಪಕ್ಕದ ಮನೆಯವರಿಗೂ ಪುಕ್ಕಟೆ. ‘ಸಕ್ಕರೆ ಹಾಕ್ಲಾ?’ ಅಂದರೆ ‘ಯಾರ ಅಕ್ಕ?’ ಅನ್ನೋರು.

ಮೊದಲು ಹೋಗಿದ್ದು ದೊಡ್ಡ ಬೋರ್ಡಿನ ಬೇರೆ ಅಂಗಡಿಗೆ, ಹೆಸರು ಬೇಡ. ಅಲ್ಲಿನ ಹುಡುಗ ‘ತಾತಾ, ಇಲ್ ಕೂತ್ಕೋ, ಅಲ್ಲಾಡ್ಬೇಡ’ ಅಂತ ಕಿರುಚಿದ. ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ, ‘ಮೇಡಂ, ಇವ್ರಿಗೆ ಶುಗರ್ ಇದ್ಯಾ?’ ಎದುರಿಗೆ ಏಕವಚನ, ನನ್ನ ಹತ್ತಿರ ಬಹುವಚನ. ಆ ಮರ್ಯಾದೆ ಅಪ್ಪನಿಗಲ್ಲ, ನನ್ನ ಪರ್ಸಿಗೆ ಅಂತ ಗೊತ್ತಾಗಿ ಎದ್ದು ಬಂದೆ.

ಈ ಕ್ಲಿನಿಕ್ ಗಾಂಧಿಬಜಾರಿನಿಂದ ನಡೆಯುವಷ್ಟು ದೂರ. ಮೊದಲ ಮಹಡಿ, ಲಿಫ್ಟ್ ಇಲ್ಲ, 19 ಮೆಟ್ಟಿಲು. ಬರೋರೆಲ್ಲ ವಯಸ್ಸಾದವರು ಅಂತ ಗೊತ್ತಿದ್ದೂ ಹೀಗ್ಯಾಕೆ ಮಾಡಿದರೋ. ಒಂದು ಸ್ಟಾರ್ ಹೋಗಿದ್ದು ಅದಕ್ಕೇ. ರಿಸೆಪ್ಷನ್ ಹುಡುಗಿ ನನ್ನನ್ನ ‘ಆಂಟಿ’ ಅಂದಳು. ನನಗೆ 54, ಇನ್ನೂ ಒಗ್ಗಿಲ್ಲ, ಆದರೆ ಅದಕ್ಕೆ ಸ್ಟಾರ್ ಕಟ್ ಮಾಡಲಿಲ್ಲ.

ಕಿವಿ ಪರೀಕ್ಷೆ ಮಾಡೋ ಆಡಿಯಾಲಜಿಸ್ಟ್ ಮೇಡಂಗೆ ಮೂವತ್ತಿರಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರಂತೆ. ಕುರ್ಚಿಯನ್ನು ಅಪ್ಪನ ಎದುರಿಗೇ ಎಳೆದುಕೊಂಡು, ಬೆಳಕು ತಮ್ಮ ಮುಖದ ಮೇಲೆ ಬೀಳೋ ಹಾಗೆ ಕೂತರು. ‘ನಿಮ್ಮನ್ನ ಏನಂತ ಕರೀಲಿ?’ ಅಂತ ಅಪ್ಪನನ್ನೇ ಕೇಳಿದರು. ‘ಮೇಷ್ಟ್ರೇ ಅನ್ನಿ, ಅದಕ್ಕಾದ್ರೆ ತಿರುಗಿ ನೋಡ್ತೀನಿ’ ಅಂದರು ಅಪ್ಪ. ಅಲ್ಲಿಂದ ಮುಂದೆ ಒಂದೂವರೆ ಗಂಟೆ ನಾನು ಬರೀ ಕೈಚೀಲ ಹಿಡಿದುಕೊಂಡವಳು.

ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗ ಗುಂಡಿ ಒತ್ತಿಸಿದರು. 500 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋ ಲೆಕ್ಕ) ಹತ್ತಿರ ಅಪ್ಪನ ಕಿವಿ ಪರವಾಗಿಲ್ಲ, 2,000 ದಾಟಿದ ಮೇಲೆ ರಿಪೋರ್ಟಿನ ಗೆರೆ ಜಾರುಬಂಡೆ ಥರ ಇಳಿದಿತ್ತು. ವಯಸ್ಸಿಗೆ ಸಾಮಾನ್ಯವಾಗಿ ಹೀಗೇ, ಮೇಲಿನ ಕಂಪನಗಳು ಮೊದಲು ಹೋಗುತ್ತವಂತೆ. ಸಕ್ಕರೆಯ ‘ಸ’ ಮಾಯವಾಗಿದ್ದು ಅದಕ್ಕೇ. ಆಮೇಲೆ ಅವರು ಹೇಳಿದ ಮಾತು ನನ್ನ ತಲೆಯಲ್ಲೇ ಕೂತಿದೆ. ‘ಇ’ಗೂ ‘ಉ’ಗೂ ಕೆಳಗಿನ ಕಂಪನಗಳ ಭಾಗ ಹೆಚ್ಚುಕಮ್ಮಿ ಒಂದೇ. ಇದು ‘ಇ’ ಅಂತ ಗೊತ್ತಾಗೋದು 2,000ದ ಮೇಲಿರೋ ಭಾಗದಿಂದ. ಅದು ಕೇಳಿಸದಿದ್ದರೆ ಎರಡೂ ಒಂದೇ ಥರ. ಒಂದು ಚೀಟಿಯಲ್ಲಿ ಬರೆದು ತೋರಿಸಿದರು: ಮಾಡು, ಮಾಡಿ. ಹೇಳು, ಹೇಳಿ. ಕೊಡು, ಕೊಡಿ. ನಮ್ಮ ಭಾಷೆಯ ಮರ್ಯಾದೆಯೆಲ್ಲ ಆ ಕೊನೇ ಸ್ವರದಲ್ಲಿ ನೇತಾಡ್ತಿದೆ. ಆ ಅಂಗಡಿ ಹುಡುಗನ ಮೇಲೆ ಅಪ್ಪನಿಗೆ ಯಾಕೆ ಸಿಟ್ಟೇ ಬರಲಿಲ್ಲ ಅಂತ ಆಗ ಹೊಳೆಯಿತು.

ಒಂದು ಕಿವಿಗೆ 38,000 ಕೊಟ್ಟೆ. ಚೌಕಾಸಿ ನಡೆಯಲ್ಲ. ಬ್ಯಾಟರಿ 13 ನಂಬರ್, ಕಿತ್ತಳೆ ಸ್ಟಿಕರ್; ಸ್ಟಿಕರ್ ಕಿತ್ತು ಒಂದು ನಿಮಿಷ ಗಾಳಿಗಿಟ್ಟು ಆಮೇಲೆ ಹಾಕಬೇಕು. ನಮಗೆ ಹತ್ತು ದಿನ ಬರುತ್ತೆ.

ಮಾರನೇ ದಿನ ಬೆಳಗ್ಗೆ ಫಿಸಿಯೋಥೆರಪಿ ಹುಡುಗ ಬಂದ. ಮಂಡ್ಯ ಕಡೆಯವನು, ಅಪ್ಪನ ಮಂಡಿ ಆಪರೇಷನ್ ಆದಾಗಿಂದ ಎರಡು ತಿಂಗಳು ಒಂದು ದಿನ ತಪ್ಪಿಸಿಲ್ಲ. ‘ಕಾಲೆತ್ತು, ಇನ್ನೊಂಚೂರ್ ಎತ್ತು’ ಅಂದ. ಅಪ್ಪ ಕಾಲು ಎತ್ತಲೇ ಇಲ್ಲ. ನನ್ನ ಕಡೆ ನೋಡಿ, ‘ಇವನು ದಿನಾ ಹೀಗೇನಾ ಹೇಳ್ತಿದ್ದಿದ್ದು?’ ಅಂದರು. ಆಮೇಲೆ ಅವನಿಗೆ, ‘ಎತ್ತಿ ಅನ್ನಪ್ಪ, ಎತ್ತುತೀನಿ.’ ಹುಡುಗ ಪಾಪ ಕಕ್ಕಾಬಿಕ್ಕಿ. ‘ಅಯ್ಯೋ ಮೇಷ್ಟ್ರೇ, ನಮ್ ತಾತನ್ನೂ ಹಿಂಗೇ ಮಾತಾಡ್ಸದು. ನೀವು ಅಂದ್ರೆ, ಯಾಕ್ಲಾ ಮುನಿಸ್ಕಂಡಿದೀಯ ಅಂತಾನೆ.’ ಅವನ ಮಾತೂ ನಿಜ. ನಾನೂ ಅಮ್ಮನಿಗೆ ಕೊನೇವರೆಗೂ ‘ನೀನು’ ಅಂತಲೇ ಅಂದಿದ್ದು, ಅಪ್ಪನಿಗೆ ಮಾತ್ರ ‘ನೀವು’. ಈಗ ಹುಡುಗ ‘ಎತ್ತಿ... ಹಾಂ, ಹಂಗೇ ಹಿಡ್ಕೋ... ಹಿಡ್ಕೊಳಿ’ ಅಂತ ತಡವರಿಸುತ್ತಾನೆ. ಅಪ್ಪನೂ ‘ಕೋ’ ಅಂದಾಗ ಬಿಡದೆ ‘ಳಿ’ ಬರೋವರೆಗೂ ಹಿಡ್ಕೊಂಡಿರುತ್ತಾರೆ. ವ್ಯಾಯಾಮ ಜಾಸ್ತಿಯೇ ಆಗ್ತಿದೆ.

ಇನ್ನೊಂದು. ನಮ್ಮನೆ ಕಸಮುಸುರೆಗೆ ಬರೋ ಆಯಮ್ಮನಿಗೂ ಅರವತ್ತು ದಾಟಿದೆ. (ನೋಡಿ, ನಾನೂ ‘ಆಯಮ್ಮ’ ಅಂತಲೇ ಬರೆದೆ.) ಅವರು ಅಪ್ಪನಿಗೆ ‘ಸ್ವಾಮಿ, ಕಾಲು ಮೇಲಿಟ್ಕೊಳಿ’ ಅಂತಾರೆ. ಅಪ್ಪ ಅವರಿಗೆ, ‘ಏನಮ್ಮಾ, ಮೂಲೇಲಿ ಹಂಗೇ ಬಿಟ್ಟಿದೀಯಲ್ಲ’. ‘ನಿಮಗೆ ಎತ್ತಿ ಅನ್ನಬೇಕು, ಅವರಿಗೆ ಬಿಟ್ಟಿದೀಯಾ?’ ಅಂತ ಕೇಳಿದೆ. ಅಪ್ಪ ಕಿವಿ ಹಿಂದೆ ಬೆರಳು ಹಾಕಿ ವಾಲ್ಯೂಮ್ ಕಮ್ಮಿ ಮಾಡಿಕೊಂಡರು. ಮೆಷಿನ್ ತಂದ ಮೇಲೆ ಆ ಬಟನ್ ಉಪಯೋಗಿಸಿದ್ದು ಅದೇ ಮೊದಲು.

ಹೋಗೋರು ಫೋನ್ ಮಾಡಿಯೇ ಹೋಗಿ. ಹನ್ನೊಂದರ ಮೇಲೆ ಪಾರ್ಕಿಂಗ್ ಸಿಗಲ್ಲ. ನ್ಯಾಷನಲ್ ಕಾಲೇಜ್ ಮೆಟ್ರೋದಿಂದ ಆಟೋ ಹಿಡಿದರೆ ವಾಸಿ.